ನಲವತ್ತು ಜನರ ಮೇಜು

ಮಾರ್ಸೆಲೀನ್ ಬೆಕ್‌ವಿತ್ ನಿಂತುಕೊಂಡೇ ಉಣ್ಣುತ್ತಾಳೆ ಎಂಬುದು ಡನ್‌ವೆಲ್‌ನಲ್ಲಿ ಎಲ್ಲರಿಗೂ ಗೊತ್ತಿತ್ತು. ನೂರಿಪ್ಪತ್ತು ಜನರ ಊರು. ಒಂದು ಪೆಟ್ರೋಲ್ ಬಂಕು, ಒಂದು ಬಾರು, ಒಂದು ಶಾಲೆ, ನಿಲ್ಲದೆ ಹಾದುಹೋಗುವ ಗೂಡ್ಸ್ ರೈಲು, ಊರು ಮುಗಿದ ಮೇಲೆ ನೆವಾಡದ ಬಿಳಿ ಬಯಲು. ಇಂಥ ಕಡೆ ಯಾರ ಮನೆಯ ಊಟವೂ ಗುಟ್ಟಲ್ಲ. ಒಲೆಯ ಪಕ್ಕದ ಕಟ್ಟೆಗೆ ಸೊಂಟ ಆನಿಸಿ, ಬಟ್ಟಲನ್ನು ಎದೆಯ ಹತ್ತಿರ ಹಿಡಿದು, ಕಿಟಕಿಯಾಚೆ ನೋಡುತ್ತ ನಾಲ್ಕು ಚಮಚ ಬಾಯಿಗೆ ಹಾಕಿಕೊಂಡರೆ ಅವಳ ಊಟ ಮುಗಿಯಿತು. ಗಂಡ ಹಾಯ್ಟ್ ತನ್ನ ತಟ್ಟೆ ತೆಗೆದುಕೊಂಡು ಹೊರಗೆ ಹೋಗಿ, ನೀರಿನ ಟ್ಯಾಂಕರ್ ಲಾರಿಯ ಸೀಟಿನಲ್ಲಿ ಕೂತು ಉಣ್ಣುತ್ತಿದ್ದ. ಅಡುಗೆಮನೆಯ ನಡುವೆ ನಾಲ್ಕು ಕುರ್ಚಿಯ ಮೇಜೊಂದಿತ್ತು. ಅದರ ಮೇಲೆ ಅಂಚೆಯಲ್ಲಿ ಬಂದ ಕಾಗದಗಳು, ಹಳೆಯ ಪತ್ರಿಕೆ, ಇಸ್ತ್ರಿಗೆ ಕಾದ ಬಟ್ಟೆ. ಹನ್ನೊಂದು ವರ್ಷ ಹೀಗೇ ನಡೆಯಿತು.

ಅವಳು ಬೆಳೆದದ್ದು ಮಾತ್ರ ಮೇಜಿನ ಸುತ್ತಲೇ. ತಾಯಿ ಕಟಾಲಿನ್ ಬಾಸ್ಕ್ ಸೀಮೆಯ ಬೆಟ್ಟದಿಂದ ಹಡಗು ಹತ್ತಿ ಬಂದವಳು. ಡನ್‌ವೆಲ್‌ನ ರೈಲುದಾರಿಯ ಪಕ್ಕ ಕುರಿಗಾಹಿಗಳಿಗಾಗಿ ಊಟ ವಸತಿಯ ಮನೆ ನಡೆಸುತ್ತಿದ್ದಳು. ಚಳಿಗಾಲ ಬಂತೆಂದರೆ ಬೆಟ್ಟದಿಂದ ಇಳಿದ ಹದಿನೆಂಟು ಇಪ್ಪತ್ತು ಗಂಡಸರು ಒಂದೇ ಉದ್ದನೆಯ ಮೇಜಿಗೆ ಕೂರುತ್ತಿದ್ದರು. ಹುರುಳಿಕಾಯಿ ಬೀಜದ ಸೂಪು, ಕುರಿಮರಿಯ ಮಾಂಸ, ಬೀಡುಕಬ್ಬಿಣದ ಪಾತ್ರೆಯಲ್ಲಿಟ್ಟು ಕೆಂಡದ ಗುಂಡಿಯಲ್ಲಿ ಹೂತು ಬೇಯಿಸಿದ ಗುಮ್ಮಟದಂಥ ಬ್ರೆಡ್ಡು. ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು: ಯಾರೂ ತಮಗೆ ತಾವೇ ಬಡಿಸಿಕೊಳ್ಳುವಂತಿಲ್ಲ, ಪಕ್ಕದವನಿಗೆ ಬಡಿಸಬೇಕು.

"ಆರು ತಿಂಗಳು ಬರೀ ಕುರಿ ಮುಖ ನೋಡ್ಕೊಂಡು ಬಂದಿರ್ತಾರೆ ಕಣೇ. ಮಾತೇ ಮರ್ತಿರುತ್ತೆ. ಸೌಟು ಕೈಗೆ ಕೊಟ್ರೆ 'ಇನ್ನೊಂಚೂರು ಹಾಕ್ಲಾ' ಅಂತಾನಾದ್ರೂ ಬಾಯಿ ಬಿಡ್ತಾರೆ," ಎನ್ನುತ್ತಿದ್ದಳು ಕಟಾಲಿನ್.

ಕುರಿಗಾಹಿಗಳ ಕಾಲ ಮುಗಿಯಿತು. ಊಟದ ಮನೆ ಬಾಗಿಲು ಹಾಕಿತು. ಮಾರ್ಸೆಲೀನ್ ಊರ ಶಾಲೆಯ ಅಡುಗೆಮನೆ ಸೇರಿದಳು. ಜಿಲ್ಲೆಯ ಮಣ್ಣುರಸ್ತೆಗಳಿಗೆ ನೀರು ಹಾಯಿಸುವ ಟ್ಯಾಂಕರಿನ ಡ್ರೈವರ್ ಹಾಯ್ಟ್‌ನನ್ನು ಮದುವೆಯಾದಳು. ಹಾಯ್ಟ್ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವಳಿಗೆ ಅದು ಹಿಡಿಸಿತ್ತು. ಬಾಲ್ಯದಲ್ಲಿ ಕಂಡ ಗಂಡಸರೆಲ್ಲ ಹಾಗೇ ಇದ್ದವರು. ತಡವಾಗಿ ಒಬ್ಬನೇ ಮಗ ಹುಟ್ಟಿದ, ಮಿಕೆಲ್. ಅವನು ಮಾತ್ರ ಇಬ್ಬರ ಪಾಲಿನ ಮಾತನ್ನೂ ತಾನೇ ಆಡುತ್ತಿದ್ದ. ಊಟಕ್ಕೆ ಕೂತರೆ ತಟ್ಟೆ ತಣ್ಣಗಾಗುವವರೆಗೂ ಕೈ ಆಡಿಸಿ ಮಾತು, ಅವರನ್ನು ಇವರನ್ನು ಅಣಕಿಸುವುದು. ಹಾಯ್ಟ್ ತಲೆ ತಗ್ಗಿಸಿ ನಗುತ್ತಿದ್ದ.

ಮಿಕೆಲ್‌ಗೆ ಹದಿನೆಂಟು ತುಂಬಿದ ಶರತ್ಕಾಲ. ಸೂರ್ಯ ಬೆಟ್ಟದ ಹಿಂದೆ ಇಳಿದಿದ್ದ, ಬೆಳಕು ಇನ್ನೂ ಇತ್ತು. ಮಾರ್ಸೆಲೀನ್ ಮೂರು ತಟ್ಟೆ ಹಾಕಿದ್ದಳು. "ಅಮಾ, ಹತ್ತೇ ನಿಮಿಷ, ಬೈಕಿಗೆ ಪೆಟ್ರೋಲ್ ಹಾಕಿಸ್ಕೊಂಡು ಬಂದ್ಬಿಡ್ತೀನಿ, ಬಡಿಸ್ತಾ ಇರು," ಎಂದ. ಅವಳು ಬಡಿಸಿದಳು. ಆ ಸೀಮೆಯಲ್ಲಿ ದನಗಳಿಗೆ ಬೇಲಿಯಿಲ್ಲ. ಕಪ್ಪು ದನಗಳು, ಕಪ್ಪು ಡಾಂಬರು. ಪೆಟ್ರೋಲ್ ಹಾಕಿಸಿ ಒಂದು ಸುತ್ತು ಹೊಡೆಯಲು ಹೋದವನ ಬೈಕು ಊರಿಂದ ಎರಡು ಮೈಲಿ ಆಚೆ ರಸ್ತೆಯ ನಡುವೆ ನಿಂತಿದ್ದ ಹಸುವಿಗೆ ಬಡಿಯಿತು. ಪೆಟ್ರೋಲ್ ಬಂಕಿನವನು ಬಂದು ಬಾಗಿಲು ತಟ್ಟಿದಾಗ ಸೂಪಿನ ಮೇಲೆ ಕೆನೆ ಕಟ್ಟಿತ್ತು.

ಮಣ್ಣು ಮಾಡಿ ಬಂದ ದಿನ ಊರವರು ತಂದ ಊಟವನ್ನು ಹಾಯ್ಟ್ ಮೇಜಿನ ಮೇಲೆ ಇಟ್ಟ. ಮಾರ್ಸೆಲೀನ್ ಕುರ್ಚಿ ಎಳೆದವಳು ಎದುರಿನ ಜಾಗ ನೋಡಿದಳು. ಕುರ್ಚಿಯನ್ನು ಮತ್ತೆ ಒಳಗೆ ತಳ್ಳಿ ಬಟ್ಟಲು ಹಿಡಿದು ಒಲೆಯ ಹತ್ತಿರ ಹೋದಳು. ಹಾಯ್ಟ್ ಒಬ್ಬನೇ ಸ್ವಲ್ಪ ಹೊತ್ತು ಕೂತಿದ್ದ. ಆಮೇಲೆ ತಟ್ಟೆ ತೆಗೆದುಕೊಂಡು ಲಾರಿಗೆ ಹೋದ. ಇಬ್ಬರೂ ಆ ಬಗ್ಗೆ ಒಂದು ಮಾತೂ ಆಡಲಿಲ್ಲ, ಅಂದೂ ಇಲ್ಲ, ಮುಂದೆಯೂ ಇಲ್ಲ.

ಪ್ರತಿ ಬೇಸಿಗೆಯ ಕೊನೆಗೆ ಡನ್‌ವೆಲ್‌ನ ಒಂಟಿ ರಸ್ತೆಯಲ್ಲಿ ಸಾವಿರಾರು ಗಾಡಿಗಳು ಸಾಲುಗಟ್ಟುತ್ತಿದ್ದವು. ಆಚೆಯ ಒಣಕೆರೆಯ ಬಯಲಿನಲ್ಲಿ ಒಂದು ವಾರದ ಹಬ್ಬ. ಹುಲ್ಲುಕಡ್ಡಿಯೂ ಹುಟ್ಟದ ಉಪ್ಪುಮಣ್ಣಿನ ಮೇಲೆ ಜನ ತಾವೇ ಬೀದಿ ಎಳೆದು, ಮರದ ಗೋಪುರ ನಿಲ್ಲಿಸಿ, ಬೊಂಬೆ ಕಟ್ಟಿ, ಕುಣಿದು, ಕೊನೆಗೆ ಎಲ್ಲ ಸುಟ್ಟು, ನೆಲ ಗುಡಿಸಿ ಹೋಗುವರು. ಅಲ್ಲಿ ಮಾರುವುದಿಲ್ಲ, ಕೊಳ್ಳುವುದಿಲ್ಲ. ಒಂದೊಂದು ಬಿಡಾರದವರು ಒಂದೊಂದು ಏನನ್ನಾದರೂ ಬಂದವರಿಗೆ ಸುಮ್ಮನೆ ಕೊಡಬೇಕು, ಬಂದವರನ್ನೂ ಅದರಲ್ಲಿ ಸೇರಿಸಿಕೊಳ್ಳಬೇಕು. ಕೆಲವರು ಕೂದಲು ತೊಳೆಯುತ್ತಾರೆ, ಕೆಲವರು ಸೈಕಲ್ ರಿಪೇರಿ ಕಲಿಸುತ್ತಾರೆ. ಬೀದಿಯ ದೂಳು ಅಡಗಿಸಲು ಹಾಯ್ಟ್ ಮತ್ತು ಅವನ ಗೆಳೆಯ ರೂಫಸ್ ಅಲ್ಲಿ ಟ್ಯಾಂಕರ್ ಓಡಿಸುತ್ತಿದ್ದರು.

"ದೂಳು ತಿನ್ನೋಕೆ ಅಷ್ಟು ದೂರದಿಂದ ಬರ್ತಾರಲ್ಲ, ಹುಚ್ಚು ಮುಂಡೇವು," ಎಂದು ಮಾರ್ಸೆಲೀನ್ ಕಿಟಕಿ ಮುಚ್ಚುತ್ತಿದ್ದಳು.

"ಹ್ಞೂಂ," ಎನ್ನುತ್ತಿದ್ದ ಹಾಯ್ಟ್.

ಮಿಕೆಲ್ ಹೋಗಿ ಹನ್ನೊಂದು ವರ್ಷ ಕಳೆದ ಮೇಲಿನ ಫೆಬ್ರವರಿಯಲ್ಲಿ, ಟ್ಯಾಂಕರಿಗೆ ನೀರು ತುಂಬಿಸುತ್ತ ನಿಂತಿದ್ದ ಹಾಯ್ಟ್ ಕುಸಿದು ಬಿದ್ದ. ಎದೆಬಡಿತ ನಿಂತಿತ್ತು. ರೂಫಸ್ ಓಡಿ ಬರುವ ಹೊತ್ತಿಗೆ ಪೈಪಿನ ನೀರು ಉಕ್ಕಿ ಅವನ ಬೂಟುಗಳ ಸುತ್ತ ಹರಿಯುತ್ತಿತ್ತು.

ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಮಾರ್ಸೆಲೀನ್‌ಗೆ ಫೋನು ಬಂತು. ಟ್ಯಾಮ್ಸಿನ್ ಎಂಬ ಹೆಂಗಸು. ಊರು ಸ್ಯಾಕ್ರಮೆಂಟೊ, ಹಲ್ಲಿನ ಡಾಕ್ಟರ ಹತ್ತಿರ ಕೆಲಸ. ಹಬ್ಬದಲ್ಲಿ ಬಿಡಾರಗಳಿಗೆ ಜಾಗ ಹಂಚುವ ಸ್ವಯಂಸೇವಕಿ.

"ಹಾಯ್ಟ್ ಬೆಕ್‌ವಿತ್ ಅವರಿದ್ದಾರಾ?"

"ಇಲ್ಲ. ತೀರ್ಕೊಂಡ್ರು."

ಆಚೆಯವಳು ಎರಡು ಸಲ ಕ್ಷಮೆ ಕೇಳಿದಳು. ಆಮೇಲೆ ಟ್ಯಾಮ್ಸಿನ್ ತಡವರಿಸುತ್ತ ಹೇಳಿದಳು: ಹಾಯ್ಟ್ ಜನವರಿಯಲ್ಲಿ ಅರ್ಜಿ ಹಾಕಿದ್ದರು. ಬಿಡಾರಕ್ಕೆ ಜಾಗ ಮಂಜೂರಾಗಿದೆ. "ನಲವತ್ತು ಜನರ ಮೇಜು. ದಿನಾ ಮಧ್ಯಾಹ್ನ ಒಂದು ಗಂಟೆಗೆ ಕುರಿಗಾಹಿಗಳ ಬ್ರೆಡ್ಡು, ಸೂಪು. ಬಂದವರೇ ನಾದಬೇಕು, ಬಂದವರೇ ಬಡಿಸಬೇಕು. ಯಾರೂ ತಮಗೆ ತಾವೇ ಹಾಕ್ಕೊಳ್ಳಂಗಿಲ್ಲ, ಯಾರೂ ನಿಂತು ಉಣ್ಣಂಗಿಲ್ಲ. ಅಡುಗೆ, ಮಾರ್ಸೆಲೀನ್ ಬೆಕ್‌ವಿತ್ ಅಂತ ಬರ್ದಿದ್ದಾರೆ. ನಿಮಗೆ ಗೊತ್ತಿತ್ತಲ್ವಾ?"

ಮಾರ್ಸೆಲೀನ್ ಫೋನು ಇಟ್ಟು, ನೆಟ್ಟಗೆ ರೂಫಸ್‌ನ ಶೆಡ್ಡಿಗೆ ನಡೆದಳು. ರೂಫಸ್ ಲಾರಿಯ ಕೆಳಗಿನಿಂದ ಅವಳ ಚಪ್ಪಲಿ ನೋಡಿಯೇ ವಿಷಯ ಊಹಿಸಿರಬೇಕು, ಹೊರಗೆ ಬರಲಿಲ್ಲ.

"ನಿಂಗೆ ಗೊತ್ತಿತ್ತಾ?"

"ಏನು?"

"ನಾಟಕ ಆಡ್ಬೇಡ. ಹೊರಗೆ ಬಾ."

ರೂಫಸ್ ಎದ್ದು ಕೈ ಒರೆಸಿಕೊಂಡ. ಎಪ್ಪತ್ತರ ಮುದುಕ, ಹೆಂಡತಿ ಬಿಟ್ಟು ಹೋಗಿ ಮೂವತ್ತು ವರ್ಷ. ಶೆಡ್ಡಿನ ಮೂಲೆಯ ತಾಡಪತ್ರಿ ಸರಿಸಿದ. ಗೋಡೆಗೆ ಒರಗಿಸಿ ಐದು ಹಲಗೆಗಳಿದ್ದವು. ಅಂಚು ಉಜ್ಜಿ, ಎಣ್ಣೆ ಹಚ್ಚಿ, ಒಂದಕ್ಕೊಂದು ಸೇರುವ ಹಾಗೆ ಕಚ್ಚು ಮಾಡಿದ್ದವು. ಜೊತೆಗೆ ಹತ್ತು ಬೆಂಚು.

"ನವೆಂಬರ್‌ನಿಂದ ಮಾಡ್ತಿದ್ದ. ಬೇಲಿಗೆ ಅಂತ ನಿಂಗೆ ಹೇಳಿದ್ನಂತೆ."

"ನನ್ನಮ್ಮನ ಬ್ರೆಡ್ಡು, ನನ್ನಮ್ಮನ ಕಟ್ಟಳೆ. ಊರೂರಿಗೆಲ್ಲ ಡಂಗುರ ಹೊಡ್ದಿದಾನೆ. ನನ್ನನ್ನ ಒಂದು ಮಾತು ಕೇಳಿಲ್ಲ!"

"ಕೇಳೋಕೇ ಇದ್ದ ಮಾರ್ಸಿ. ದಿನಾ ಇವತ್ತು ಕೇಳ್ತೀನಿ ಅಂತಿದ್ದ. ನೀನೂ ಬಲ್ಲೆಯಲ್ಲ ಅವನ ಬಾಯಿ."

"ಬೇಡ ಅಂತ ಹೇಳ್ತೀನಿ ಅವಳಿಗೆ."

"ಹೇಳು," ಎಂದ ರೂಫಸ್. "ಜಾಗಕ್ಕೆ ನೂರಾರು ಜನ ಕಾದಿರ್ತಾರೆ. ಇವನು ಮಾತು ಕೊಟ್ಟ ಅಂತ ಇನ್ಯಾರಿಗೋ ಇಲ್ಲ ಅಂದಿರ್ತಾರೆ. ಅಷ್ಟೇ."

ಆ ಮಾತು ಅವಳಿಗೆ ಚುಚ್ಚಿತು. ಹಾಯ್ಟ್ ಕಡಿಮೆ ಮಾತಿನವನು, ಆದರೆ ಕೊಟ್ಟ ಮಾತು ತಪ್ಪಿದವನಲ್ಲ. ಸತ್ತ ಮೇಲೆ ಅವನನ್ನು ಮಾತಿಗೆ ತಪ್ಪಿದವನನ್ನಾಗಿ ಮಾಡಲು ಅವಳಿಗೆ ಮನಸ್ಸು ಬರಲಿಲ್ಲ. ಒಂದು ವಾರ ಕಳೆದು ಟ್ಯಾಮ್ಸಿನ್‌ಗೆ ಫೋನು ಮಾಡಿದಳು.

"ಒಂದೇ ವರ್ಷ. ಅವನು ಒಪ್ಕೊಂಡಿದ್ದು ಮುಗಿಸಿ ಬರ್ತೀನಿ. ಕುಣಿ ಅಂತ ನನಗೆ ಹೇಳಬಾರದು."

"ಇಲ್ಲ ಇಲ್ಲ, ಯಾರೂ ಹೇಳಲ್ಲ," ಎಂದಳು ಟ್ಯಾಮ್ಸಿನ್.

ಕೆಲಸ ಅಂದುಕೊಂಡದ್ದಕ್ಕಿಂತ ಹೆಚ್ಚಿತ್ತು. ಜನಕ್ಕೆ ಊಟ ಹಾಕಲು ಆರೋಗ್ಯ ಇಲಾಖೆಯ ಪರವಾನಗಿ ಬೇಕು; ಅದಕ್ಕೆ ಕೈ ತೊಳೆಯುವ ನಲ್ಲಿ, ಮಾಂಸ ಇಡುವ ಐಸ್‌ಪೆಟ್ಟಿಗೆ, ಇಂತಿಷ್ಟು ಬಿಸಿ ಇಂತಿಷ್ಟು ತಂಪು ಎಂಬ ಪಟ್ಟಿ. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೇಳು ವರ್ಷ ಇದ್ದವಳಿಗೆ ಇದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಬ್ರೆಡ್ಡು. ಬಯಲಿನಲ್ಲಿ ಗುಂಡಿ ತೋಡುವಂತಿಲ್ಲ, ನೆಲದ ಮೇಲೆ ಬೆಂಕಿ ಇಡುವಂತಿಲ್ಲ, ನೆಲ ಸುಟ್ಟ ಕಲೆಯೂ ಉಳಿಯಬಾರದು.

"ಗುಂಡಿ ಇಲ್ದೆ ಹೆಂಗೆ ಬೇಯುತ್ತೆ? ಬಾಯಿಂದ ಊದ್ಬೇಕಾ?" ಎಂದು ರೇಗಿದಳು.

ರೂಫಸ್ ಎರಡು ಕಬ್ಬಿಣದ ಡ್ರಮ್ಮುಗಳನ್ನು ಉದ್ದಕ್ಕೆ ಸೀಳಿ, ಕಾಲು ಬೆಸೆದು, ತೊಟ್ಟಿಲಿನ ಹಾಗೆ ಮಾಡಿದ. ಒಳಗೆ ಮರಳು, ಮರಳಿನ ನಡುವೆ ಕೆಂಡ, ಕೆಂಡದಲ್ಲಿ ಪಾತ್ರೆ. ಮೊದಲ ಬ್ರೆಡ್ಡು ತಳ ಸೀದಿತು. ಎರಡನೆಯದು ನಡುವೆ ಹಸಿ. ಮೂರನೆಯದನ್ನು ಮುರಿದು ಮೂಸಿ ನೋಡಿ ಅವಳು ರೂಫಸ್‌ನ ಕೈಗೆ ಒಂದು ತುಂಡು ಕೊಟ್ಟಳು. ಅವನು ಅಗಿಯುತ್ತ ಗೋಡೆಯ ಕಡೆ ತಿರುಗಿಕೊಂಡ. ಹಾಯ್ಟ್ ಸತ್ತ ಮೇಲೆ ಅವನು ಅತ್ತದ್ದನ್ನು ಅವಳು ಕಂಡದ್ದು ಅಂದೇ.

ಆಗಸ್ಟ್ ಕೊನೆಗೆ ಹೋದರು. ಅವಳು, ರೂಫಸ್, ಹಾಯ್ಟ್‌ನ ಜೊತೆ ಟ್ಯಾಂಕರ್ ಓಡಿಸುತ್ತಿದ್ದ ಇನ್ನು ನಾಲ್ವರು. ಮೊಳದುದ್ದದ ಮೊಳೆಗಳನ್ನು ನೆಲಕ್ಕೆ ತಿರುಪಿ, ಕಂಬ ನಿಲ್ಲಿಸಿ, ಬಿಳಿ ಬಟ್ಟೆಯ ಚಪ್ಪರ ಎಳೆದರು. ಬಯಲು ಕಣ್ಣು ಚುಚ್ಚುವಷ್ಟು ಬೆಳ್ಳಗಿತ್ತು. ಎರಡೇ ದಿನಕ್ಕೆ ದೂಳಿಗೆ ಎಲ್ಲರ ಹುಬ್ಬು ನರೆತಂತಾಗಿ, ಹಿಮ್ಮಡಿ ಬಿರಿಯಿತು. ಐದು ಹಲಗೆ ಜೋಡಿಸಿದಾಗ ಮೇಜು ಚಪ್ಪರದ ಈ ತುದಿಯಿಂದ ಆ ತುದಿಗೆ ಹೋಯಿತು. ಮಾರ್ಸೆಲೀನ್ ಒದ್ದೆ ಬಟ್ಟೆ ಹಿಡಿದು ಅದನ್ನು ಒರೆಸುತ್ತ ಹೋದಳು. ಕಚ್ಚುಗಳಲ್ಲಿ ಬೆರಳು ಸಿಕ್ಕುವಷ್ಟೂ ಸಂದಿರಲಿಲ್ಲ.

ಮೊದಲ ದಿನ ಒಂಬತ್ತು ಜನ ಬಂದರು. ಬೆಳಿಗ್ಗೆ ಎಂಟಕ್ಕೆ ಹಿಟ್ಟು ನಾದಲು ಬಂದವರಲ್ಲಿ ಒಬ್ಬನಿಗೆ ಮೈತುಂಬ ಗಿಲೀಟಿನ ಪುಡಿ, ಇನ್ನೊಬ್ಬಳ ತಲೆಯ ಮೇಲೆ ಕೊಂಬು.

"ಆ ಕೊಂಬು ತೆಗೆದಿಟ್ಟು ಕೈ ತೊಳ್ಕೋ," ಎಂದಳು ಮಾರ್ಸೆಲೀನ್. "ನೀನು ಹಿಟ್ಟಿನ ಹತ್ರ ಬರ್ಬೇಡಪ್ಪ, ಮಿನುಗೋ ಬ್ರೆಡ್ಡು ಯಾರೂ ತಿನ್ನಲ್ಲ. ಸೌದೆ ಒಡಿ."

ಬಯ್ಯಿಸಿಕೊಂಡವರು ಮರುದಿನ ಇನ್ನಷ್ಟು ಜನರನ್ನು ಕರೆತಂದರು. ಬ್ರೆಡ್ಡಿನ ಮೇಲೆ ಚಾಕುವಿನಿಂದ ಶಿಲುಬೆ ಗೀರಿ ಮೊದಲ ತುಂಡನ್ನು ಕುರಿನಾಯಿಗೆ ಹಾಕುವುದು ಕುರಿಗಾಹಿಗಳ ಪದ್ಧತಿ. ಹಬ್ಬದ ಬಯಲಿಗೆ ನಾಯಿ ತರುವಂತಿಲ್ಲ. "ಹಂಗಾದ್ರೆ ಮೊದಲ ತುಂಡು ಯಾರಿಗೆ?" ಎಂದು ಯಾರೋ ಕೇಳಿದರು. ಅವಳು ಉತ್ತರ ಕೊಡುವ ಮೊದಲೇ ಒಬ್ಬ ಬೋಳುತಲೆಯ ವಕೀಲ ಮೊಣಕಾಲೂರಿ ಬೊಗಳಿದ. ಚಪ್ಪರವಿಡೀ ನಕ್ಕಿತು. ಅಂದಿನಿಂದ ದಿನವೂ "ಇವತ್ತು ನಾಯಿ ಯಾರು?" ಎಂದು ರೂಫಸ್ ಕೂಗುವುದು, ಮೂರು ನಾಲ್ಕು ಕಡೆಯಿಂದ ಬೊಗಳುವ ಸದ್ದು ಬರುವುದು ವಾಡಿಕೆಯಾಯಿತು. ಮೂರನೆಯ ದಿನ ಮೇಜು ತುಂಬಿತು. ಪಕ್ಕದವರಿಗೆ ಬಡಿಸುತ್ತ, ಹೆಸರು ಕೇಳುತ್ತ, ಬಟ್ಟಲ ಮೇಲೆ ದೂಳು ಬೀಳದಂತೆ ಟೋಪಿ ಅಡ್ಡ ಹಿಡಿಯುತ್ತ ಜನ ಉಂಡರು. ಮಾರ್ಸೆಲೀನ್ ಬೆಂಚುಗಳ ಹಿಂದೆ ಬೋಗುಣಿ ಹಿಡಿದು ಓಡಾಡಿದಳು. ತಾನು ಮಾತ್ರ ಡ್ರಮ್ಮಿನ ಪಕ್ಕ ನಿಂತು ನಾಲ್ಕು ಚಮಚ ಕುಡಿದಳು.

"ನಿಂತು ಉಣ್ಣಂಗಿಲ್ಲ ಅಂತ ಇಲ್ಲಿ ಬರ್ದಿದೆ!" ಎಂದು ಕೊಂಬಿನ ಹುಡುಗಿ ಚಪ್ಪರದ ಕಂಬಕ್ಕೆ ಕಟ್ಟಿದ್ದ ಕಟ್ಟಳೆಗಳ ಫಲಕ ತೋರಿಸಿ ಕೂಗಿದಳು. "ಅಮಾ, ಬನ್ನಿ ಕೂತ್ಕೊಳ್ಳಿ!"

ಅಮಾ ಎಂದರೆ ಬಾಸ್ಕ್ ಭಾಷೆಯಲ್ಲಿ ತಾಯಿ ಎಂದು ರೂಫಸ್ ಯಾರಿಗೋ ಹೇಳಿದ್ದ. ಬಿಡಾರದಲ್ಲಿ ಅದು ಬಾಯಿಂದ ಬಾಯಿಗೆ ಹರಡಿತ್ತು. ಮಿಕೆಲ್ ಮಾರ್ಸೆಲೀನ್‌ಳನ್ನು ಕರೆಯುತ್ತಿದ್ದದ್ದೂ ಹಾಗೇ.

"ಆ ಹೆಸರು ಬೇಡ," ಎಂದಳು. ದನಿ ಏರಿಸಲಿಲ್ಲ. "ಮಾರ್ಸಿ ಅನ್ನಿ. ಅಡುಗೆಯವಳಿಗೆ ಕಟ್ಟಳೆ ಇಲ್ಲ. ಉಣ್ಣಿ, ತಣ್ಣಗಾಗುತ್ತೆ."

ನಾಲ್ಕನೆಯ ದಿನ ಊಟ ಮುಗಿದ ಮೇಲೆ ಟ್ಯಾಮ್ಸಿನ್ ಸೈಕಲ್ಲಿನಲ್ಲಿ ಬಂದಳು. ಬಿಡಾರಗಳು ಹೇಳಿದ್ದನ್ನು ಮಾಡುತ್ತಿವೆಯೇ ಎಂದು ನೋಡಿ ಹೋಗುವುದು ಅವಳ ಕೆಲಸ. ಮಾರ್ಸೆಲೀನ್ ಬಟ್ಟಲು ತೊಳೆಯುತ್ತಿದ್ದಳು. ಟ್ಯಾಮ್ಸಿನ್ ತಾನೂ ಒಂದು ಬಟ್ಟೆ ತೆಗೆದುಕೊಂಡು ಒರೆಸತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಕೇಳಿದಳು:

"ಕೂತ್ಕೊಂಡ್ರಾ?"

"ಏನು?"

"ಅಲ್ಲ... ಮೇಜಿಗೆ. ನಾವು ಅರ್ಜಿ ಓದಿದವರೆಲ್ಲ ಇದನ್ನೇ ಮಾತಾಡ್ಕೊಳ್ತಿದ್ವಿ. ಇಬ್ಬರು ಓದ್ತಾ ಅತ್ತೇಬಿಟ್ರು."

ಮಾರ್ಸೆಲೀನ್ ನೀರಿನಿಂದ ಕೈ ತೆಗೆದಳು. "ಅರ್ಜಿಲಿ ಏನು ಬರ್ದಿದ್ದ?"

ಟ್ಯಾಮ್ಸಿನ್ ಒರೆಸುತ್ತಿದ್ದ ಬಟ್ಟಲು ಕೆಳಗಿಟ್ಟಳು. "ಅವರು ನಿಮಗೆ ಹೇಳಿರ್ಲಿಲ್ವಾ? ದೇವರೇ. ನಾನು... ಹೋಗೋ ಮುಂಚೆ ಹೇಳಿದ್ರು ಅಂದ್ಕೊಂಡೆ."

"ತೋರ್ಸು."

ಫೋನಿನಲ್ಲಿ ಅರ್ಜಿಯಿತ್ತು. ಈ ಬಿಡಾರ ಯಾಕೆ ಮಾಡಬೇಕೆಂದಿದ್ದೀರಿ ಎಂಬ ಪ್ರಶ್ನೆಗೆ ಹಾಯ್ಟ್ ಬರೆದಿದ್ದ: "ನಮ್ಮ ಮಗ ಹೋದ ಮೇಲೆ ನನ್ನ ಹೆಂಡತಿ ಕೂತು ಊಟ ಮಾಡಿಲ್ಲ. ಮನೆಯ ಮೇಜಿನಲ್ಲಿ ಒಂದು ಜಾಗ ಖಾಲಿ ಇದೆ, ಅವಳಿಗೆ ಅದೊಂದೇ ಕಾಣುತ್ತದೆ. ನಲವತ್ತು ಜನ ಒತ್ತಿ ಕೂತರೆ ಕಾಣಲಿಕ್ಕಿಲ್ಲ ಅನಿಸುತ್ತದೆ. ನನಗೂ ಲಾರಿಯಲ್ಲಿ ಉಂಡು ಸಾಕಾಗಿದೆ. ಅವಳಿಗೆ ಇನ್ನೂ ಹೇಳಿಲ್ಲ. ಬೇಸಿಗೆಯೊಳಗೆ ಹೇಳುತ್ತೇನೆ."

ಎರಡು ಸಲ ಓದಿದಳು. ಫೋನನ್ನು ಟ್ಯಾಮ್ಸಿನ್‌ಳ ಕೈಗಿಟ್ಟು, ಏಪ್ರನ್ ಬಿಚ್ಚದೆ ಚಪ್ಪರದಿಂದ ಹೊರಗೆ ನಡೆದಳು.

ಬಿಡಾರಗಳು ಮುಗಿದ ಮೇಲೂ ನಡೆದಳು. ಬಿಸಿಲು ಇಳಿಮುಖವಾಗಿತ್ತು, ಗಾಳಿ ಏಳುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಬಿಳಿ ದೂಳು ನಾಲ್ಕೂ ಕಡೆಯಿಂದ ಮುಚ್ಚಿಕೊಂಡು ಚಾಚಿದ ಕೈಯೂ ಕಾಣದಾಯಿತು. ಆ ಊರಲ್ಲಿ ಹುಟ್ಟಿದವಳು, ದೂಳೆದ್ದಾಗ ನಡೆಯಬಾರದೆಂದು ಬಲ್ಲಳು. ನಿಂತಲ್ಲೇ ಕುಕ್ಕರಗಾಲಲ್ಲಿ ಕೂತು ಏಪ್ರನ್ನಿನಿಂದ ಮುಖ ಮುಚ್ಚಿಕೊಂಡಳು. ಬಟ್ಟೆಯೊಳಗೆ ಹಿಟ್ಟಿನ ವಾಸನೆ. ಅವಳಿಗೆ ಮೊದಲು ಬಂದದ್ದು ಸಿಟ್ಟು. ಎದುರಿಗಿದ್ದ ಹೆಂಡತಿಗೆ ಹೇಳದ್ದನ್ನು ಮುಖ ನೋಡದ ಹೆಂಗಸಿಗೆ ಬರೆದಿದ್ದ. ಆಮೇಲೆ ಅವಳಿಗೆ ಲಾರಿಯ ಸೀಟು ನೆನಪಾಯಿತು. ಹೊರಗೆ ಕೂತು ಉಣ್ಣುವುದು ಅವನಿಗೆ ಇಷ್ಟ ಎಂದೇ ಅವಳು ಇಷ್ಟು ವರ್ಷ ಅಂದುಕೊಂಡಿದ್ದಳು. ಡಿಸೆಂಬರ್ ಜನವರಿಯ ಚಳಿಯಲ್ಲೂ ತಟ್ಟೆ ಹಿಡಿದು ಹೋಗುತ್ತಿದ್ದ. ಗಾಜಿನ ಮೇಲೆ ಅವನ ಉಸಿರಿನ ಹಬೆ ಕಟ್ಟುತ್ತಿತ್ತು, ಕಿಟಕಿಯಿಂದ ಅದು ಅವಳಿಗೆ ಕಾಣುತ್ತಿತ್ತು. ಒಳಗೆ ಬಾ ಎಂದು ಒಂದು ದಿನವೂ ಕರೆದಿರಲಿಲ್ಲ.

ದೂಳು ತಗ್ಗಿದಾಗ ರೂಫಸ್ ಟ್ಯಾಂಕರ್ ಓಡಿಸಿಕೊಂಡು ಹುಡುಕುತ್ತ ಬಂದ. ಬಾಗಿಲು ತೆರೆದು ಕೈ ನೀಡಿ ಹತ್ತಿಸಿಕೊಂಡ.

ಮರುದಿನ ಎಂದಿನಂತೆ ಎಂಟಕ್ಕೆ ಹಿಟ್ಟಿಗೆ ಕೈ ಹಾಕಿದಳು. ಒಂದು ಗಂಟೆಗೆ ಮೇಜು ತುಂಬತೊಡಗಿತು. ರೂಫಸ್ ಬ್ರೆಡ್ಡುಗಳನ್ನು ತಂದಿಟ್ಟು ಕೂಗುವುದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಮಾರ್ಸೆಲೀನ್ ಏಪ್ರನ್ ಬಿಚ್ಚಿ ಮಡಿಸಿ ಪಕ್ಕಕ್ಕಿಟ್ಟು, ಬೆಂಚಿನ ಮೇಲೆ ಕೂತಳು.

ಅವಳಿಗೆ ಮೊದಲು ಅರಿವಾದದ್ದು ಮೊಣಕಾಲಿನ ನೋವು. ಆಮೇಲೆ ಮುಖಗಳು. ಇಷ್ಟು ವರ್ಷ ಶಾಲೆಯಲ್ಲಾಗಲಿ ಇಲ್ಲಿಯಾಗಲಿ ಅವಳು ನೋಡಿದ್ದು ಉಣ್ಣುವವರ ನೆತ್ತಿಗಳನ್ನು. ಈಗ ಗಲ್ಲ ಕಂಡಿತು, ದೂಳು ಕೂತ ರೆಪ್ಪೆ ಕಂಡಿತು, ಅಗಿಯುವಾಗ ಆಡುವ ಕೆನ್ನೆ ಕಂಡಿತು. ಎಡಕ್ಕೆ ಬಿಸಿಲಿಗೆ ಮೂಗು ಸುಲಿದ ಒಬ್ಬ ಹೆಂಗಸು ಕೂತಿದ್ದಳು. ಫ್ರೆಸ್ನೊದಲ್ಲಿ ಸಿಟಿ ಬಸ್ಸು ಓಡಿಸುವವಳಂತೆ. ಬಲಕ್ಕೆ ಜಾಗ ಖಾಲಿಯಿತ್ತು. ಅವಳು ಕೂತದ್ದು ಕಂಡ ರೂಫಸ್ ಬೇಕೆಂದೇ ಅಲ್ಲಿ ಯಾರನ್ನೂ ಕೂರಿಸಿರಲಿಲ್ಲ, ಹಾಯ್ಟ್‌ಗಾಗಿ ಬಿಟ್ಟಿದ್ದ.

"ಇಲ್ಲಿ ಕೂತ್ಕೋ," ಎಂದಳು ಮಾರ್ಸೆಲೀನ್.

"ಅದು ಹಾಗೇ ಇರ್ಲಿ ಅಂತ..."

"ಬೇಡ ರೂಫಸ್. ಖಾಲಿ ಜಾಗ ನೋಡಿ ನೋಡಿ ನನಗೆ ಸಾಕಾಗಿದೆ. ಕೂತ್ಕೋ."

ಅವನು ಕೂತ. ಬಸ್ಸಿನ ಹೆಂಗಸು ಸೌಟು ತೆಗೆದುಕೊಂಡು ಮಾರ್ಸೆಲೀನ್‌ಳ ಬಟ್ಟಲಿಗೆ ಸೂಪು ಹಾಕಿದಳು. "ಸಾಕಾ? ಇನ್ನೊಂಚೂರು ಹಾಕ್ಲಾ?" ಎಂದು ಕೇಳಿದಳು.

ಅದು ಕಟಾಲಿನ್‌ಳ ಮೇಜಿನ ಮಾತೆಂದು ಕೇಳಿದವಳಿಗೆ ಗೊತ್ತಿರಲಿಲ್ಲ, ಯಾರನ್ನಾದರೂ ಕೇಳುವ ಹಾಗೆ ಕೇಳಿದ್ದಳು. ಮಾರ್ಸೆಲೀನ್ "ಸಾಕು" ಎಂದಳು. ಚಮಚ ಎತ್ತಿದಳು. ಒಂದು ಗುಟುಕು ಒಳಗೆ ಹೋಯಿತು. ಬಾಯಿ ಮುಚ್ಚಿಕೊಂಡೇ ಅವಳು ಅಳತೊಡಗಿದಳು. ಭುಜ ಮಾತ್ರ ಕುಲುಕುತ್ತಿತ್ತು. ಬಸ್ಸಿನ ಹೆಂಗಸು ಅವಳ ಬೆನ್ನ ಮೇಲೆ ಕೈಯಿಟ್ಟಳು. ದೂರದ ತುದಿಯಲ್ಲಿ ನಾಯಿಯ ಸರದಿಗೆ ಕಾದಿದ್ದವರು ಬೊಗಳಲೋ ಬೇಡವೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು.

"ಕೂಗೋ," ಎಂದಳು ಮಾರ್ಸೆಲೀನ್ ರೂಫಸ್‌ಗೆ, ಮೂಗು ಒರೆಸಿಕೊಳ್ಳುತ್ತ. "ಬ್ರೆಡ್ಡು ಆರುತ್ತೆ."

ಅರ್ಧ ಬಟ್ಟಲು ಉಂಡಳು. ಉಳಿದದ್ದು ಆಗಲಿಲ್ಲ. ಹಬ್ಬದ ಉಳಿದ ಎರಡು ದಿನವೂ ಕೂತೇ ಉಂಡಳು.

ಭಾನುವಾರ ಟ್ಯಾಮ್ಸಿನ್ ಬಂದು, ಬಯಲಿನ ನಡುವಿನ ಮರದ ಗುಡಿಗೆ ಕರೆದಳು. ಜನ ಸತ್ತವರ ಫೋಟೋ, ಬಟ್ಟೆ, ಕಾಗದಗಳನ್ನು ಅಲ್ಲಿಟ್ಟು ಹೋಗುತ್ತಾರೆ, ಗುಡಿಯ ಜೊತೆ ಅವನ್ನೂ ಸುಡುತ್ತಾರೆ. "ಹಾಯ್ಟ್ ಅವರದ್ದೇನಾದ್ರೂ ಇಡ್ತೀರಾ?"

"ಬೇಡಮ್ಮ," ಎಂದಳು ಮಾರ್ಸೆಲೀನ್. "ನಮ್ಮ ಕಡೆ ಸುಡೋದಿಲ್ಲ. ಅವನು ಮಾಡಿದ್ದು ಆ ಮೇಜು. ಅದನ್ನ ಒರೆಸಿ ಮನೆಗೆ ತಗೊಂಡು ಹೋಗ್ತೀನಿ."

ಚಪ್ಪರ ಬಿಚ್ಚಿದ ಮೇಲೆ ಎಲ್ಲರೂ ಸಾಲಾಗಿ ನಿಂತು, ಬಗ್ಗಿ, ನೆಲದ ಚೂರುಪಾರು ಹೆಕ್ಕಿದರು. ಅಂಗಿಯ ಒಂದು ಗುಂಡಿ, ಹಗ್ಗದ ಎಳೆ, ಗಿಲೀಟಿನ ಚುಕ್ಕಿಗಳು, ಬ್ರೆಡ್ಡಿನ ತುಣುಕು. ಮಧ್ಯಾಹ್ನದ ಹೊತ್ತಿಗೆ ಅಲ್ಲೊಂದು ಬಿಡಾರ ಇತ್ತೆಂದು ಹೇಳಲು ಏನೂ ಉಳಿಯಲಿಲ್ಲ.

ಒಂದೇ ವರ್ಷ ಎಂದಿದ್ದವಳು ಆಮೇಲೆ ನಾಲ್ಕು ವರ್ಷ ಹೋದಳು. ಮೊಣಕಾಲು ಕೈಕೊಟ್ಟ ಮೇಲೆ ಬಸ್ಸಿನ ಹೆಂಗಸೂ ಕೊಂಬಿನ ಹುಡುಗಿಯೂ ಬಿಡಾರ ವಹಿಸಿಕೊಂಡರು; ಹೋಗುವಾಗ ಡನ್‌ವೆಲ್‌ನಲ್ಲಿ ಗಾಡಿ ನಿಲ್ಲಿಸಿ ಅವಳಿಂದ ಬ್ರೆಡ್ಡಿಗೆ ಹೆಪ್ಪಿಡುವ ಹುಳಿಹಿಟ್ಟು ಒಯ್ಯುತ್ತಾರೆ.

ಆದರೆ ಮನೆಯಲ್ಲಿ ಅವಳು ಕೂರಲಿಲ್ಲ. ಬಯಲಿನಲ್ಲಿ ವರ್ಷಕ್ಕೊಂದು ವಾರ ಕೂತವಳು ಮನೆಗೆ ಬಂದರೆ ಮತ್ತೆ ಒಲೆಯ ಪಕ್ಕವೇ. ಒಂದು ಮಂಗಳವಾರ ಮಧ್ಯಾಹ್ನ ರೂಫಸ್ ಬಂದವನು ಅಡುಗೆಮನೆಯ ಹಳೆಯ ಮೇಜಿನ ಮೇಲಿನ ಬಟ್ಟೆಗಳನ್ನು ಬದಿಗೆ ಸರಿಸಿ ಕೂತ. ಅವಳು ಅವನಿಗೆ ಸೂಪು ಕೊಟ್ಟು ಕಟ್ಟೆಗೆ ಒರಗಿದಳು. ಅವನು ಕೂತ್ಕೋ ಎನ್ನಲಿಲ್ಲ.

"ಅವನ ಮೇಲೆ ಸಿಟ್ಟು ಇಳೀತಾ?" ಎಂದು ಕೇಳಿದ.

"ಎಲ್ಲಿ ಇಳೀತು. ಹನ್ನೊಂದು ವರ್ಷ ಆ ಬಾಗಿಲಾಚೆ ಕೂತಿದ್ದ. ಬಾಯಿಬಿಟ್ಟು ಒಂದ್ಸಲ ಹೇಳಬಹುದಿತ್ತು, ಮಾರ್ಸಿ, ಕೂತ್ಕೋ ಅಂತ."

"ಹೇಳಿದ್ರೆ ಕೂತ್ಕೋತಿದ್ಯಾ?"

ಮಾರ್ಸೆಲೀನ್ ಬಟ್ಟಲಲ್ಲಿ ಚಮಚ ತಿರುವಿದಳು. ಹೊರಗೆ ಗೂಡ್ಸ್ ರೈಲು ಹಾದುಹೋಗುತ್ತಿತ್ತು. ಅದು ಪೂರ್ತಿ ಹೋಗುವವರೆಗೆ ಮಾತು ಕೇಳಿಸುವಂತಿರಲಿಲ್ಲ.

"ಇಲ್ಲ," ಎಂದಳು ಕೊನೆಗೆ. "ಅವನಿಗೂ ಅದು ಗೊತ್ತಿತ್ತು ಅಂತ ಕಾಣುತ್ತೆ."

ರೂಫಸ್ ಸೂಪು ಮುಗಿಸಿ, ಬಟ್ಟಲು ತೊಳೆದಿಟ್ಟು, ಶೆಡ್ಡಿನ ಕಡೆ ಹೋದ.